ಬಿಂದಿಗೆಯ ಕೊರಳ ಗುರುತು

ನಮ್ಮ ಲೊಕ್ಕನಹಳ್ಳಿಯ ಪಕ್ಕದ ಮನೆ ಪುಟ್ಟಗೌರಮ್ಮ ಹಗ್ಗ ಕಂಡರೂ ಹಾವೆಂದು ಕೋಲು ಹುಡುಕುವವಳು. ಹಾಲಿನವನ ಅಳತೆ, ಕಂಡಕ್ಟರನ ಚಿಲ್ಲರೆ, ನನ್ನ ನಗು, ಯಾವುದನ್ನೂ ನಂಬಿದವಳಲ್ಲ. ನಂಬಿದ್ದು ಓರಗಿತ್ತಿ ಪದ್ಮಿನಿಯೊಬ್ಬಳನ್ನು. ಗಂಡ ತೀರಿಕೊಂಡ ಮೇಲೆ ಮೈದುನ ಶಾಂತರಾಜು, ಅವನ ಹೆಂಡತಿ ಪದ್ಮಿನಿ, ಇವಳು, ಮೂವರಿಗೂ ಒಂದೇ ಒಲೆ. ಆ ಒಲೆ ಎರಡಾದರೆ ತನಗೆ ಯಾರು ಗತಿ ಎಂಬುದೇ ಅವಳ ದಿಗಿಲು.

ಒಂದು ಬೆಳಿಗ್ಗೆ ಬಿಂದಿಗೆಯ ಕೊರಳಲ್ಲಿ ಮಾರ್ಕರ್ ಪೆನ್ನಿನ ಕಪ್ಪು ಗುರುತು ಕಂಡಿತು. ಅಕ್ಕಿ ಡಬ್ಬದ ಮೇಲೆ ಇನ್ನೊಂದು. ಪಾಲಾಗುವ ಮನೆಯಲ್ಲಿ ಮೊದಲು ಪಾತ್ರೆಗೆ ಗುರುತು ಬೀಳುತ್ತದೆ, ನಮ್ಮೂರಲ್ಲಿ ಇದು ಯಾರಿಗೆ ಗೊತ್ತಿಲ್ಲ?

“ಬ್ಯಾರೆ ಓಗಕ್ಕೆ ಗುರ್ತು ಮಾಡವ್ಳೆ ಕಣಮ್ಮಿ” ಎಂದು ನನ್ನ ಮುಂದೆ ಅತ್ತಳು.

“ಪದ್ಮಿನಿಯನ್ನೇ ಕೇಳು” ಅಂದೆ.

“ಊಂ ಅಂದ್ಬುಟ್ರೆ?”

ಕೇಳಲಿಲ್ಲ. ಬೂದಿ ಹಾಕಿ ಉಜ್ಜಿದಳು. ಮಾರನೆಯ ದಿನ ಅದೇ ಜಾಗದಲ್ಲಿ ಅದೇ ಗುರುತು. ಮತ್ತೆ ಉಜ್ಜಿದಳು. ಕೊನೆಗೆ ಕೊಟ್ಟಿಗೆಯಲ್ಲಿ ಹಸು ಕಟ್ಟುವ ಕಂಬದ ಮೇಲೂ ಒಂದು ಕಂಡಾಗ ಸಿಡಿದೇಬಿಟ್ಟಳು: “ನಮ್ಮವ್ವ ಕೊಟ್ಟ ಅಸೂಗೂ ಪಾಲಾ?”

ಗುಟ್ಟು ಆಗ ಪದ್ಮಿನಿಯ ಬಾಯಿಂದಲೇ ಹೊರಬಿತ್ತು. ನರ್ಸಿಂಗ್ ಓದಿದವಳು, ಕೊಳ್ಳೇಗಾಲದಲ್ಲಿ ಜಪಾನಿ ಭಾಷೆಯ ಕ್ಲಾಸಿಗೆ ಹೋಗುತ್ತಿದ್ದಳಂತೆ. ಆಸ್ಪತ್ರೆ ಡ್ಯೂಟಿ ಅಂದುಕೊಂಡಿದ್ದೆವು.

“ಪಾಲಲ್ಲ ಕಣಕ್ಕ, ಅಕ್ಸರ. ಮಾತು, ಅಕ್ಸರ ಎಲ್ಡೂ ಒಟ್ಗೇ ಕಲೀಬೇಕಂತೆ. ಬಿಂದ್ಗೆ ಎತ್ತುವಾಗ ನೀರಿಗೆ ಮಿಜು ಅಂತೀನಿ, ಗುರ್ತು ನೋಡ್ತೀನಿ. ಇಲ್ದಿದ್ರೆ ತಲೇಲಿ ನಿಲ್ಲಾಕಿಲ್ಲ.” ರಂಗೋಲಿ ಹಿಟ್ಟಿನಲ್ಲಿ ನೆಲದ ಮೇಲೆ ಒಂದು ಬರೆದಳು.

“ಅದು ನೀರಿಂದು” ಅಂದಳು ಪುಟ್ಟಗೌರಮ್ಮ, ತಟ್ಟನೆ. ಇನ್ನೊಂದು ಬರೆದರೆ, “ಅಕ್ಕೀದು.” ಉಜ್ಜಿ ಉಜ್ಜಿ ಇವಳೂ ಕಲಿತುಬಿಟ್ಟಿದ್ದಳು! ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ.

“ಯಾಕೆ ಕಲೀತಿದ್ದೀಯೆ?”

“ಅಲ್ಲಿ ಆಸ್ಪತ್ರೇಲಿ ಕೆಲ್ಸ ಅಕ್ಕ. ಮೂರ್ ವರ್ಸ. ನೀನು ಬ್ಯಾಡ ಅಂತೀಯ ಅಂತ ಏಳ್ಲಿಲ್ಲ.”

“ಬುಟ್ಟೋಗದೇ ಅನ್ನು.”

“ಬತ್ತೀನಕ್ಕ.”

“ಬತ್ತೀನಿ ಅನ್ನಕ್ಕೂ ಗುರ್ತು ಅದ್ಯಾ? ಬರಿ, ನೋಡವಾ.”

ಪದ್ಮಿನಿ ತಲೆಬಾಗಿಲ ಚೌಕಟ್ಟಿನ ಮೇಲೆ ದೊಡ್ಡದಾಗಿ ಬರೆದಳು.

ಅವಳು ಹೋಗಿ ವರ್ಷವಾಯಿತು. ವಾರಕ್ಕೊಮ್ಮೆ ಫೋನು ಬರುತ್ತದೆ. ಹಬ್ಬಕ್ಕೆ ಬಾಗಿಲು ತೊಳೆಯುವಾಗ ಪುಟ್ಟಗೌರಮ್ಮ ಆ ಗುರುತಿಗೆ ಒಂದು ಹನಿ ನೀರೂ ತಾಗಿಸುವುದಿಲ್ಲ. ಆದರೆ ಒದ್ದೆ ಬಟ್ಟೆ ಹಿಡಿದು ಅದರ ಮುಂದೆ ನಿಂತು, ಪ್ರತಿ ಸಲವೂ ನನ್ನನ್ನು ಕೇಳುತ್ತಾಳೆ:

“ಬತ್ತೀನಿ ಅಂತ್ಲೇ ಬರ್ದವ್ಳಾ? ಓಯ್ತೀನಿ ಅಂತ ಬರ್ದಿದ್ರೆ ನಂಗೆಂಗಮ್ಮಿ ಗೊತ್ತಾದದು?”