ಅಕ್ಕ ತೊಳೆಯದ ಹರಳು

ನಮ್ಮ ಅಕ್ಕ ಪಾತ್ರೆಯ ವಿಷಯದಲ್ಲಿ ಜಗಮೊಂಡಿ. ಭಾವ ತೊಳೆದಿಟ್ಟ ಬಾಣಲೆಯನ್ನು ಬೆಳಕಿಗೆ ಹಿಡಿದು ನೋಡಿ, ಎಳ್ಳಷ್ಟು ಜಿಡ್ಡು ಕಂಡರೂ ವಾಪಸು ಸಿಂಕಿಗೆ ಹಾಕುತ್ತಾಳೆ. ಪಾಪ, ಭಾವ ಮದುವೆಯಾದಾಗಿನಿಂದ ತುಟಿಪಿಟಕ್ಕೆನ್ನದೆ ಉಜ್ಜುತ್ತಿದ್ದಾರೆ. ನಾನಾಗಿದ್ದರೆ ಬಾಣಲೆ ಬಿಸಾಕಿ ಎದ್ದು ಹೋಗುತ್ತಿದ್ದೆ.

ಇಬ್ಬರಿಗೂ ಒಂದೇ ಪ್ರಯೋಗಾಲಯದಲ್ಲಿ ಕೆಲಸ. ಅಕ್ಕ ಹರಳು ಬೆಳೆಸುತ್ತಾಳೆ, ಭಾವ ಅಳೆಯುತ್ತಾರೆ. ಸೀರಿಯಂ, ಇರಿಡಿಯಂ ಚೂರುಗಳನ್ನು ಕರಗಿದ ಇಂಡಿಯಂ ಲೋಹದಲ್ಲಿ ಬೆರೆಸಿ ಕುಲುಮೆಯನ್ನು ನಿಧಾನವಾಗಿ ಆರಲು ಬಿಟ್ಟರೆ ಅಕ್ಕಿನುಚ್ಚಿನಷ್ಟು ಹರಳುಗಳು ಹುಟ್ಟುತ್ತವೆ. ಅವುಗಳೊಳಗೆ ಎಲೆಕ್ಟ್ರಾನುಗಳು ನೂರಾರು ಪಟ್ಟು ತೂಕ ಬಂದಂತೆ ತೆವಳುತ್ತವಂತೆ. ಚಿಟಿಕೆ ಕ್ಯಾಡ್ಮಿಯಂ ಸೇರಿಸಿದರೆ ಹರಳು ಕಾಂತತ್ವ ತೋರಿಸಲೇಬೇಕೆಂಬುದು ಅಕ್ಕನ ಹಟ. ವರ್ಷವಾದರೂ ತೋರಿಸಿರಲಿಲ್ಲ. ಈ ಸಲವೂ ಏನೂ ಕಾಣದಿದ್ದರೆ ಕುಲುಮೆ ಬೇರೆಯವರಿಗೆ ಎಂದು ಮುಖ್ಯಸ್ಥರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಒಂದು ಮಧ್ಯಾಹ್ನ ಭಾವ ಹೊಸ ಹರಳನ್ನು ತಣ್ಣಗಾಗಿಸುತ್ತ ಹೋದಾಗ ಅದರ ವಿದ್ಯುತ್ ರೋಧ ದಿಢೀರನೆ ಸೊನ್ನೆಗಿಳಿಯಿತು. ಕಾಂತತ್ವಕ್ಕಿಂತ ದೊಡ್ಡದೇ, ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ಹರಳೇ ಸಿಕ್ಕಿತೆಂದು ಭಾವ ಹಿರಿಹಿರಿ ಹಿಗ್ಗಿದರು. ನನಗೂ ಫೋನು ಮಾಡಿದರು. ನಾನು ಪ್ರಯೋಗಾಲಯಕ್ಕೆ ಓಡುವಷ್ಟರಲ್ಲಿ ಮುಖ್ಯಸ್ಥರು ಅಕ್ಕನ ಕೈಕುಲುಕುತ್ತಿದ್ದರು.

ಎಷ್ಟು ಡಿಗ್ರಿಯಲ್ಲಿ ಇಳಿಯಿತೆಂದು ಅಕ್ಕ ಕೇಳಿದಳು. ಭಾವ ಹೇಳಿದರು. ಅವಳ ಮುಖ ಸಪ್ಪಗಾಯಿತು. ಬರಿಯ ಇಂಡಿಯಂನ ರೋಧ ಸೊನ್ನೆಯಾಗುವುದೂ ಸರಿಯಾಗಿ ಅಷ್ಟೇ ತಂಪಿನಲ್ಲಿ. ಬಾಯಿ ಮುಚ್ಚಿಕೊಂಡಿದ್ದರೆ ಕುಲುಮೆ ಅವಳದೇ.

"ರೀ, ಅದು ಹರಳಿಂದಲ್ಲ. ಮೇಲೆ ಅಂಟ್ಕೊಂಡಿರೋ ಇಂಡಿಯಂದು. ನಾನೇ ಸರಿಯಾಗಿ ತೊಳೆದಿಲ್ಲ," ಎಂದು ಎಲ್ಲರೆದುರೇ ಹೇಳಿಬಿಟ್ಟಳು.

ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ದಿನ ಸುಮ್ಮನಿದ್ದಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಹೋಗಲಿ, ಭಾವನಾದರೂ ಅಷ್ಟು ವರ್ಷದ ಬಾಣಲೆಗಳ ಸೇಡು ಈಗಲೇ ತೀರಿಸಿಕೊಳ್ಳಲಿ ಎಂದು ಕಾದೆ. ಅವರು ಹರಳಿದ್ದ ಡಬ್ಬಿಯನ್ನು ಅವಳ ಕೈಗಿಟ್ಟರು.

"ತೊಳೆದು ಕೊಡು, ಇನ್ನೊಂದ್ಸಲ ಅಳೆಯೋಣ," ಎಂದರು.

ಅಕ್ಕ ಅದನ್ನು ಆಮ್ಲದಲ್ಲಿ ಅದ್ದಿ, ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ ತೊಳೆದಳು. ಮರುದಿನ ಅಳೆದಾಗ ಆ ಸೊನ್ನೆ ಮಾಯ. ಅದು ಮುಚ್ಚಿಹಾಕಿದ್ದ ಜಾಗದಲ್ಲಿ ರೋಧದ ನಕ್ಷೆಯ ಗೆರೆ ಒಂದಿಷ್ಟು ಬಾಗಿತ್ತು. ಕಾಂತತ್ವ ಅಳೆಯುವ ಯಂತ್ರದಲ್ಲಿಟ್ಟರೆ ಅಲ್ಲೂ ಅದೇ ತಂಪಿನಲ್ಲಿ ತಿರುವು. ವರ್ಷವಿಡೀ ಹುಡುಕಿದ ಕಾಂತತ್ವ ಅದೇ! ಅಕ್ಕ ಕುಣಿಯುವುದೊಂದು ಬಾಕಿ. ಕುಲುಮೆ ನಿಮ್ಮಲ್ಲೇ ಇರಲಿ ಎಂದು ಮುಖ್ಯಸ್ಥರು ಹೇಳಿ ಹೋದರು.

ಅಂದು ಅವರ ಮನೆಯಲ್ಲೇ ನನ್ನ ಊಟ. ಭಾವ ತೊಳೆದಿಟ್ಟ ಬಾಣಲೆಯನ್ನು ಅಕ್ಕ ಎಂದಿನಂತೆ ಬೆಳಕಿಗೆ ಹಿಡಿದಳು. ಹಿಡಿಯ ಬುಡದಲ್ಲಿ ಜಿಡ್ಡಿತ್ತು. ಕೂತಲ್ಲಿಂದ ನನಗೇ ಕಾಣುತ್ತಿತ್ತು. ಅವಳು ಸೆರಗಿನಿಂದ ತಾನೇ ಒರೆಸಿ ಕಪಾಟಿನಲ್ಲಿಟ್ಟಳು.