ಅವಳಿಗಳಲ್ಲಿ ದೊಡ್ಡವರು ಯಾರು?

ಕುರುಗೋಡಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಅವಳಿ ಮಕ್ಕಳು ಹೇಗೆ ಹುಟ್ಟುತ್ತವೆ ಎಂಬುದನ್ನು ಕಪ್ಪು ಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು, ಹಿಂದಿನ ಬೆಂಚಿನವರಿಂದಲೂ ಒಪ್ಪಿಸಿಕೊಂಡವಳು. ಹೀಗಿದ್ದೂ, ಬಳ್ಳಾರಿಯ ಸ್ಕ್ಯಾನಿಂಗ್ ಕೋಣೆಯಲ್ಲಿ ಡಾಕ್ಟರಮ್ಮ ಪರದೆ ನೋಡುತ್ತಾ "ಕವಲಲಮ್ಮಾ, ಕವಲಲು!" ಎಂದು ತೆಲುಗಿನಲ್ಲಿ ಕೂಗಿ, ನನ್ನ ಮುಖ ನೋಡಿ "ಅವಳಿ ಅದಾವ" ಎಂದು ಕನ್ನಡದಲ್ಲೂ ಹೇಳಿದಾಗ, "ಇನ್ನೊಂದ್ಸಲ ಸರಿಯಾಗಿ ನೋಡ್ರಿ" ಎಂದುಬಿಟ್ಟೆ. ಹೊರಗೆ ಕೂತಿದ್ದ ನಮ್ಮವರು ಸುದ್ದಿ ಕೇಳಿ ಮೊದಲು ನಕ್ಕರು, ಆಮೇಲೆ ನೀರು ಕುಡಿದರು, ಕೊನೆಗೆ "ಖರೇನಾ?" ಎಂದರು. ಸಿರುಗುಪ್ಪದಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವರು. ಒಂದಕ್ಕೆ ಇನ್ನೊಂದು ಪುಕ್ಕಟೆ ಎಂಬ ಮಾತನ್ನು ಅವರು ಸುಲಭಕ್ಕೆ ನಂಬುವುದಿಲ್ಲ.

ಸುದ್ದಿ ಮುಟ್ಟಿದ ದಿನವೇ ಅತ್ತೆ ಸಿರುಗುಪ್ಪದಿಂದ ಫೋನಿನಲ್ಲಿ ತನಿಖೆ ಶುರು ಮಾಡಿದರು.

"ಜೋಡಿ ಬಾಳಿಹಣ್ಣು ತಿಂದಿದ್ದೇನವಾ?"

"ಇಲ್ರಿ ಅತ್ತಿ."

"ಒಂದಕ್ಕೊಂದು ಅಂಟಿರ್ತಾವಲ್ಲ, ಅಂಥಾದ್ದು. ನೆನಪು ಮಾಡ್ಕೋ."

ನನಗೆ ಸಿಟ್ಟು ಬಂತು. ಬಾಳೆಹಣ್ಣಿಗೂ ಅಂಡಾಣುವಿಗೂ ಯಾವ ಸಂಬಂಧವೂ ಇಲ್ಲವೆಂದು ಇಡೀ ಪಾಠವನ್ನೇ ಒಪ್ಪಿಸಿದೆ. ಅವರು ಸಮಾಧಾನದಿಂದ ಪೂರಾ ಕೇಳಿದರು. "ಹೂಂ, ಅದೂ ಇರಬೌದು. ಆದ್ರ ನೀ ತಿಂದಿರ್ತಿ, ಮರ್ತಿದೀ" ಎಂದು ಫೋನ್ ಇಟ್ಟರು. ಹೆರಿಗೆಗೆ ಮುಂಚಿನ ಆ ತಿಂಗಳುಗಳಲ್ಲಿ ನಾನಿದ್ದದ್ದು ಕುರುಗೋಡಿನ ತವರಿನಲ್ಲಿ. ಹಾಗಾಗಿ ಬೀಗಿತ್ತಿ ನಮ್ಮ ಮನೆಯ ಬಾಳೆಗೊನೆಯ ಮೇಲೇ ಅಪವಾದ ಹೊರಿಸಿದಳೆಂದು ನನ್ನ ಅವ್ವನಿಗೆ ಉರಿಯಿತು. "ನಮ್ಮ ಮನ್ಯಾಗ ಜೋಡಿ ಹಣ್ಣು ಬಂದ್ರ ಆಕಳಿಗಿ ಹಾಕ್ತೀವಿ, ಹೇಳು ನಿಮ್ಮತ್ತಿಗಿ" ಎಂದಳು. ಹಾಗಿದ್ದರೆ ಆಕಳಿಗೆ ಅವಳಿ ಕರು ಯಾಕಾಗಲಿಲ್ಲ ಎಂದು ಕೇಳುವ ಆಸೆಯಾಯಿತು. ಊಟ ಹಾಕುವವಳು ಅವಳೇ ಆದ್ದರಿಂದ ಕೇಳಲಿಲ್ಲ.

ಮಕ್ಕಳು ನಮ್ಮ ಯಾವ ಲೆಕ್ಕಕ್ಕೂ ಕಾಯಲಿಲ್ಲ. ಬಸುರಿಗೆ ಮಾಡುವ ಕುಪ್ಪಸದ ಶಾಸ್ತ್ರಕ್ಕೆ ಸೀರೆಯ ಬಣ್ಣ ಯಾವುದೆಂದು ಎರಡೂ ಮನೆಯವರು ಇನ್ನೂ ಚರ್ಚಿಸುತ್ತಿರುವಾಗಲೇ, ನಾನು ತರಗತಿಯಲ್ಲಿ ನಿಂತಿದ್ದಾಗ ನೀರು ಹೋಯಿತು. ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ದರು. ಸೊಂಟದ ಕೆಳಗಷ್ಟೇ ಜೋಮು ಹಿಡಿಸಿ, ನಾನು ಎಚ್ಚರವಿರುವಾಗಲೇ ಆಪರೇಷನ್ ಮಾಡಿದರು. ಮೊದಲು ಹುಡುಗಿ ಬಂದಳು, ಅತ್ತಳು. ಅವಳ ಹಿಂದೆ ಹುಡುಗ ಬಂದ. ಅವನು ಅಳಲಿಲ್ಲ. ಇಬ್ಬರನ್ನೂ ಗಾಜಿನ ಪೆಟ್ಟಿಗೆಗಳಲ್ಲಿ ಮಲಗಿಸಿದರು. ಹುಡುಗಿ ಸಣ್ಣಗಿದ್ದರೂ ತಾನೇ ಉಸಿರಾಡುತ್ತಿದ್ದಳು. ಹುಡುಗನ ಮೂಗಿನಲ್ಲಿ ನಳಿಗೆ, ಕಾಲಲ್ಲಿ ಸೂಜಿ. "ಹುಡುಗಿದು ಚಿಂತಿ ಇಲ್ಲ. ಇವಂದು ಈಗಲೇ ಏನೂ ಹೇಳಾಕ ಆಗಲ್ಲಮ್ಮ" ಎಂದರು ಡಾಕ್ಟರು. ಆ ಮಾತು ಕೇಳಿದ ಮೇಲೆ ನನಗೆ ಬೇರೆ ಯಾವ ಮಾತೂ ಕಿವಿಗೆ ಬೀಳಬಾರದಿತ್ತು. ಆದರೆ ಹೊರಗಿನ ಬೆಂಚಿನ ಮೇಲೆ ಇಬ್ಬರು ಅಜ್ಜಿಯರಿದ್ದರು.

ಅವರ ಜಗಳ ಇಬ್ಬರಲ್ಲಿ ದೊಡ್ಡವರು ಯಾರು ಎಂಬುದರ ಮೇಲೆ. ನಮ್ಮ ಕಡೆ ಹಳೆಯವರಲ್ಲಿ ಒಂದು ನಂಬಿಕೆಯಿದೆ: ಅವಳಿಗಳಲ್ಲಿ ಹಿಂದೆ ಬಂದದ್ದೇ ದೊಡ್ಡದು, ಯಾಕೆಂದರೆ ಹೊಟ್ಟೆ ಸೇರಿದ್ದು ಅದೇ ಮೊದಲು. ಅತ್ತೆ ಇದನ್ನು ಉದಾಹರಣೆ ಸಮೇತ ವಿವರಿಸಿದರು.

"ಬಸ್ಸಿಗಿ ಮೊದ್ಲು ಹತ್ತಿದಾವ ಹಿಂದಿನ ಸೀಟಿಗಿ ಹೋಗಿ ಕುಂದರ್ತಾನ. ಇಳಿಯಾಗ ಕಡೀಗಿ ಇಳಿತಾನ. ಹುಡುಗನ ದೊಡ್ಡಾವ."

"ಅದ್ಯಾವ ಬಸ್ಸರೀ ಅಕ್ಕಾ?" ಎಂದಳು ಅವ್ವ. "ಮೊದ್ಲು ಇಳಿದಾಕಿ ಮೊದ್ಲು ಮನಿ ಸೇರ್ತಾಳ. ಹುಡುಗಿನ ದೊಡ್ಡಾಕಿ."

ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಾನು ಮಗುವಿಗೆ ಹಾಲು ಹಿಂಡಿ ಕೊಡಲು ಅವರ ಮುಂದೆಯೇ ಹಾದುಹೋಗುತ್ತಿದ್ದೆ. ಒಂದು ಕೂಸು ಉಸಿರಿಗೆ ಒದ್ದಾಡುತ್ತಿದೆ, ಇವರು ಅದಕ್ಕೆ ಪಟ್ಟ ಕಟ್ಟುವ ಗಡಿಬಿಡಿಯಲ್ಲಿದ್ದಾರೆ! ಅತ್ತೆಯ ಬಸ್ಸು ಎಲ್ಲಿಗೆ ಹೊರಟಿದೆಯೆಂದು ನನಗೆ ಗೊತ್ತಿತ್ತು. ಮನೆಗೆ ಹಿರಿಯ ಮೊಮ್ಮಗು ಗಂಡೇ ಆಗಿರಬೇಕು, ಅಷ್ಟೇ. ಮೈಯೆಲ್ಲ ಉರಿಯುತ್ತಿತ್ತು. ನಮ್ಮವರನ್ನು ಇಬ್ಬರೂ ಸೇರಿ ಪಂಚಾಯ್ತಿಗೆ ಎಳೆದರೆ, ಅವರು "ಔಷಧಿ ತರಾಕ ಹೋಗ್ಬೇಕು" ಎಂದು ಜಾರಿಕೊಂಡರು. ಆ ದಿನಗಳಲ್ಲಿ ಅವರು ಬಹಳ ಔಷಧಿ ತಂದರು.

ಅವರಿಗೂ ಶಿಕ್ಷೆ ತಪ್ಪಲಿಲ್ಲ. ಹುಡುಗಿಯನ್ನು ಬರಿಯ ಎದೆಗೆ ಹಚ್ಚಿ ಬೆಚ್ಚಗಿಡಬೇಕು, ತಾಯಿಗೆ ದಣಿವಾದಾಗ ತಂದೆಯೂ ಇಟ್ಟುಕೊಳ್ಳಬಹುದು ಎಂದರು ಸಿಸ್ಟರ್. "ಪುರುಡು ಕಳಿಯೋಕ ಮುಂಚೆ ಗಂಡಸು ಮುಟ್ಟೋದಾ?" ಎಂದು ಅತ್ತೆ ಹೌಹಾರಿದರು. "ಇಲ್ಲಿ ಸೋಪು ಹಚ್ಚಿ ಕೈ ತೊಳದ್ರ ಸಾಕ್ರಿ ಅಜ್ಜಿ" ಎಂದು ಸಿಸ್ಟರ್ ಮುಗಿಸಿಬಿಟ್ಟರು. ನಮ್ಮವರು ಅಂಗಿ ಬಿಚ್ಚಿ, ಕ್ಷೌರಕ್ಕೆ ಕೂತವರ ಹಾಗೆ ಕತ್ತು ಬಿಗಿದುಕೊಂಡು ಕೂತರು. ಮಗಳು ಅವರ ಎದೆಗೂದಲು ಹಿಡಿದು ನಿದ್ದೆಹೋದಳು. ಅವರು ಕೆಮ್ಮಲೂ ಇಲ್ಲ.

ಹುಡುಗನನ್ನು ಮಾತ್ರ ಹೊರಗೆ ತೆಗೆಯುವ ಹಾಗಿರಲಿಲ್ಲ. ಪೆಟ್ಟಿಗೆಯ ದುಂಡನೆಯ ಕಿಂಡಿಯಲ್ಲಿ ಕೈ ತೂರಿಸಿ ಅವನ ಪಾದದ ಮೇಲೆ ಬೆರಳು ಇಡಬಹುದಿತ್ತು, ಅಷ್ಟೇ. ಉಸಿರಾಟದ ಬಗ್ಗೆ ಮಕ್ಕಳಿಗೆ ಎಷ್ಟು ಸಲ ಪಾಠ ಮಾಡಿದ್ದೇನೋ, ಅದು ಇಷ್ಟು ಕಷ್ಟದ ಕೆಲಸವೆಂದು ನನಗೆ ತಿಳಿದಿರಲಿಲ್ಲ. ಅವನ ಪುಟ್ಟ ಎದೆ ಒಳಗೆ ಹೋದರೆ ಮತ್ತೆ ಮೇಲೇಳುವವರೆಗೆ ನನ್ನ ಉಸಿರೂ ನಿಂತಿರುತ್ತಿತ್ತು.

ಒಂದು ಮಧ್ಯಾಹ್ನ ಡಾಕ್ಟರು ಕರೆದರು. ಹುಡುಗನಿಗೆ ನಂಜಾಗಿದೆ, ಉಸಿರು ಇಳಿಯುತ್ತಿದೆ, ಮಾಡುವುದನ್ನೆಲ್ಲ ಮಾಡುತ್ತಿದ್ದೇವೆ, ಆದರೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರು. ನಾನು ಹೊರಗೆ ಬಂದು ಬೆಂಚಿನ ಮುಂದೆ ನಿಂತು ಅದನ್ನೇ ಹಾಗೇ ಒಪ್ಪಿಸಿದೆ. ಅಂದು ಬೆಳಿಗ್ಗೆಯಿಂದ ಬಸ್ಸಿನ ವಿಷಯವಾಗಿ ಮಾತು ಬಿಟ್ಟಿದ್ದ ಇಬ್ಬರೂ ನನ್ನ ಮುಖವನ್ನೇ ನೋಡಿದರು. ಅವ್ವ ಎದ್ದು ಅತ್ತೆಯ ಮುಂದೆ ಹೋಗಿ ನಿಂತಳು.

"ಅಕ್ಕಾ, ನೀವಂದಿದ್ದ ಖರೇ. ಅವನ ದೊಡ್ಡಾವ. ತಂಗೀನ ಇಲ್ಲಿ ಬಿಟ್ಟು ಅಣ್ಣ ಅನ್ನಾವ ಎಲ್ಲಿಗಿ ಹೋಗ್ತಾನ? ಹೋಗಲ್ಲ ಅವ."

ಅತ್ತೆ ಗೆದ್ದಿದ್ದರು. ಅವರು ಬಯಸಿದ್ದ ಹಿರಿಯ ಮೊಮ್ಮಗನನ್ನು ಬೀಗಿತ್ತಿಯೇ ಬಾಯಿಬಿಟ್ಟು ಕೊಟ್ಟಿದ್ದಳು. ಆದರೆ ಅವರು ಸೆರಗು ಬಾಯಿಗೆ ಒತ್ತಿಕೊಂಡು ಜೋರಾಗಿ ತಲೆಯಲ್ಲಾಡಿಸಿದರು.

"ಬ್ಯಾಡ ತಂಗಿ, ಬ್ಯಾಡ. ದೊಡ್ಡಾವ ಅನಬ್ಯಾಡ ಅವನ್ನ. ದೊಡ್ಡೋರು ಮುಂದ ಹೋಗ್ತಾರ. ಅವ ಸಣ್ಣಾವ ಇರ್ಲಿ. ಎಲ್ಲಾರ್ಕಿಂತ ಸಣ್ಣಾವ ಇರ್ಲಿ. ಆ ಬಸ್ಸಿನ ಮಾತು ನಾ ಸುಳ್ಳ ಹೇಳಿದ್ದೆ."

"ಇಲ್ಲಕ್ಕ, ನೀವು ಹೇಳಿದ್ದ ಸರಿ ಐತಿ."

"ಏನ್ ಸರಿ? ನೀ ಹೇಳಿದ್ದ ಸರಿ!"

ಇಬ್ಬರ ದನಿಯೂ ಏರಿತು. ತಾನೇ ಸೋಲಬೇಕೆಂದು ಒಬ್ಬರಿಗಿಂತ ಒಬ್ಬರು ಹಟ ಹಿಡಿದರು. ವಾಚ್‌ಮನ್ ಬಂದು "ಗದ್ಲ ಮಾಡಬ್ಯಾಡ್ರಿ, ಇದು ಆಸ್ಪತ್ರಿ" ಎಂದು ಬೈದು ಹೋದ. ಎಂದಿನಂತೆ ಸಿಟ್ಟಾಗಬೇಕೆಂದು ನೋಡಿದೆ, ಆಗಲಿಲ್ಲ. ಅವರಿಬ್ಬರ ನಡುವೆ ಕೂತು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

ಹುಡುಗ ಉಳಿದ. ಒಂದೇ ದಿನದಲ್ಲಲ್ಲ, ಒಂದು ದಿನ ಮುಂದೆ ಬಂದರೆ ಎರಡು ದಿನ ಹಿಂದೆ ಹೋಗುತ್ತಾ, ನಮ್ಮೆಲ್ಲರ ಜೀವ ಹಿಂಡಿ ಉಳಿದ. ಉಳಿದ ಮೇಲೆ ಅದರ ಕೀರ್ತಿ ಹಂಚಿಕೊಳ್ಳಲು ಬಹಳ ಜನ ಬಂದರು. ಅವ್ವ ಅದನ್ನು ಊರ ಬಸವಣ್ಣನಿಗೆ ಕೊಟ್ಟಳು, ಅತ್ತೆ ತಮ್ಮ ಹರಕೆಗೆ, ನಮ್ಮವರು ತಾವು ತಂದ ಔಷಧಿಗೆ. ನಾನು ಡಾಕ್ಟರರಿಗೆ ಕೊಟ್ಟೆ. ಅವನನ್ನು ಮೊದಲ ಸಲ ಎದೆಯ ಮೇಲೆ ಮಲಗಿಸಿದ ದಿನ ಮಾತ್ರ ಆ ಕೀರ್ತಿ ಯಾರಿಗಾದರೂ ಹೋಗಲಿ ಎನ್ನಿಸಿತು. ಅಷ್ಟು ಹಗುರವಾಗಿದ್ದ ಅವನು.

ಈಗ ಇಬ್ಬರೂ ನಡೆಯುತ್ತಾರೆ, ಕಚ್ಚುತ್ತಾರೆ. ವಾರವೆಲ್ಲ ನಾವು ಕುರುಗೋಡಿನಲ್ಲಿ ಅವ್ವನ ಜೊತೆ ಇರುತ್ತೇವೆ, ಶನಿವಾರ ಸಾಲೆ ಬಿಟ್ಟ ಮೇಲೆ ಸಿರುಗುಪ್ಪದ ಬಸ್ಸು ಹತ್ತುತ್ತೇವೆ. ಪಕ್ಕದ ಸೀಟಿನವರು ಕೇಳದೆ ಬಿಡುವುದಿಲ್ಲ: "ಅವಳಿ ಏನ್ರಿ? ಇಬ್ರಾಗ ದೊಡ್ಡೋರು ಯಾರು?" ಇದೇ ಪ್ರಶ್ನೆಗೆ ಅಜ್ಜಿಯರಿಬ್ಬರೂ ಮಾತಾಡಿಕೊಂಡವರ ಹಾಗೆ "ನಮಗೇನ್ ಗೊತ್ತವಾ, ನಾವ್ ಒಳಗಿದ್ವಾ?" ಎನ್ನುತ್ತಾರೆ. ನಾನು ಒಳಗಿದ್ದೆ. ಯಾರು ಮೊದಲು ಬಂದರೆಂದು ಕಣ್ಣಾರೆ ಕಂಡವಳು, ವಿಜ್ಞಾನದ ಮೇಡಂ ಬೇರೆ. "ಗೊತ್ತಿಲ್ರಿ" ಎನ್ನುತ್ತೇನೆ.

ಸಿರುಗುಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಕಾಯುತ್ತಾ ನಿಂತಿರುತ್ತಾರೆ. ನಾನು ಒಂದು ಸೊಂಟಕ್ಕೆ ಮಗಳನ್ನು, ಇನ್ನೊಂದಕ್ಕೆ ಮಗನನ್ನು ಏರಿಸಿಕೊಂಡು, ಬ್ಯಾಗನ್ನು ಕುತ್ತಿಗೆಗೆ ನೇತುಹಾಕಿ, ಬಾಗಿಲಲ್ಲಿ ಅಡ್ಡಡ್ಡವಾಗಿ ಇಳಿಯುತ್ತೇನೆ. ಹಿಂದಿನವರು ಗೊಣಗುತ್ತಾರೆ. "ಬೀಳ್ತೀರಿ ಮೇಡಂ, ಒಂದೊಂದಾಗಿ ಇಳಸ್ರಿ" ಎಂದು ಕಂಡಕ್ಟರ್ ಪ್ರತಿ ವಾರವೂ ಬೈಯುತ್ತಾನೆ.

ಒಂದೊಂದಾಗಿ ನಾನು ಇಳಿಸುವುದಿಲ್ಲ.