ಮಲ್ಲಾಜಮ್ಮನ ಕಣಕ್ಕೆ ಕರೆಂಟು ಬಿಟ್ಟವರು

ಮಲ್ಲಾಜಮ್ಮನಿಗೆ ಸಿಟ್ಟು ಬಂದರೆ ಕಟ್ಟೆಮಳಲವಾಡಿಯ ನಾಯಿಗಳೂ ದಾರಿ ಬದಲಿಸುತ್ತಿದ್ದವು. ಸುಮ್ಮಸುಮ್ಮನೆ ಬೈಯುವ ಹೆಂಗಸಲ್ಲ, ಆದರೆ ಅವಳ ಕಣ ಮುಟ್ಟಿದರೆ ಮುಗಿಯಿತು! ಮದುವೆಯಾಗಿ ಬಂದ ವರ್ಷದಿಂದ ಇಪ್ಪತ್ತೆರಡು ಸುಗ್ಗಿ, ಒಂದೇ ಜಾಗದಲ್ಲಿ ಮಣ್ಣು ನೆನೆಸಿ, ತುಳಿದು, ರೋಣಗಲ್ಲು ಉರುಳಿಸಿ, ಸಗಣಿ ಸಾರಿಸಿ ಮಾಡಿದ ಕಣ ಅದು. ಅಲ್ಲಿ ಒಕ್ಕಿದ ರಾಗಿಯಲ್ಲಿ ಒಂದು ಹರಳು ಸಿಕ್ಕಿದ್ದಿಲ್ಲ.

ಸಾವಿರದ ಒಂಬೈನೂರ ಐವತ್ತೇಳರ ಸುಗ್ಗಿ. ರಾಗಿ ಮೆದೆ ಒಟ್ಟಿ ಆಗಿತ್ತು, ಒಕ್ಕಣೆಗೆ ನಾಲ್ಕೇ ದಿನ. ಆಗಲೇ ಮೈಸೂರಿನಿಂದ ಗೋವಿಂದಯ್ಯ ಎಂಬ ಪುರಾತತ್ವ ಇಲಾಖೆಯ ಆಫೀಸರು ಪೆಟ್ಟಿಗೆ, ತಂತಿ, ನಾಲ್ಕು ಕಬ್ಬಿಣದ ಗೂಟ ತಂದಿಳಿಸಿದರು. ಹೊಲದಡಿ ಹಳೇ ಕಾಲದ ಗೋಡೆ ಹೂತಿದೆಯಂತೆ. ಗೂಟ ನೆಟ್ಟು ಕರೆಂಟು ಬಿಟ್ಟರೆ, ಕಲ್ಲಿರುವ ಕಡೆ ಅದು ಸಲೀಸಾಗಿ ಹರಿಯದೆ ಪೆಟ್ಟಿಗೆಯ ಮುಳ್ಳು ಏರುತ್ತದಂತೆ.

"ಗೋಡೆ ಇರಾದು ಆ ಹುಣಸೆಮರದ ತಾವ ಸ್ವಾಮಿ," ಎಂದಳು ಮಲ್ಲಾಜಮ್ಮ. "ಮಳೆ ಕೈಕೊಟ್ಟಾಗ ಅಲ್ಲಿ ಪೈರು ಗೆರೆ ಎಳ್ದಂಗೆ ಮೊದ್ಲು ಬಾಡ್ತದೆ."

"ಅಮ್ಮಾ, ಇದು ಮಿಷಿನ್ನು. ನೀವು ಸುಮ್ಮನಿರಿ."

ಮುಳ್ಳು ಏರಿದ್ದು ಎಲ್ಲಿ ಗೊತ್ತೇ? ಕಣದ ಮೇಲೆ! ಇಪ್ಪತ್ತೆರಡು ವರ್ಷ ತುಳಿದು ಒಣಗಿಸಿದ ನೆಲ ಕಲ್ಲಿಗೇನು ಕಡಿಮೆ? ಅವಳು ಹುಣಸೂರು ಸಂತೆಗೆ ಹೋಗಿ ಬರುವಷ್ಟರಲ್ಲಿ ಕಣದ ನಡುವೆ ಸೊಂಟದಾಳದ ಗುಂಡಿ. ಒಳಗೆ ಗೋಡೆಯಿಲ್ಲ. ಹಪ್ಪಳ ಜೋಡಿಸಿಟ್ಟಂತೆ, ಅವಳೇ ಸಾರಿಸಿದ ಪದರಗಳು.

"ಸಿಕ್ತಾ ಅರಮನೆ?" ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. "ಎದುರ್ಗೆ ನಿಂತು ಬಡ್ಕೊಳೋ ಎಂಗ್ಸು ಕಾಣಾಕಿಲ್ಲ, ನೆಲದೊಳಗಿರಾದು ಕಾಣ್ತದಾ ನಿಮ್ಗೆ? ರಾಗಿ ಎಲ್ಲಿ ಒಕ್ಕಲಿ, ನಿಮ್ಮ ಪೆಟ್ಗೆ ಮ್ಯಾಲಾ?"

ಗೋವಿಂದಯ್ಯ ಕನ್ನಡಕ ಒರೆಸಿದರು. "ತಪ್ಪಾಯ್ತಮ್ಮ. ಆ ಗೆರೆ ಎಲ್ಲಿ ಬರುತ್ತೆ, ತೋರಿಸ್ತೀರಾ?"

"ತೋರುಸ್ತೀನಿ. ಮೊದ್ಲು ಬೂಟ್ಸು ಬಿಚ್ಚಿ."

ಗುಂಡಿ ಮುಚ್ಚಿಸಿ, ಎರಡು ದಿನ ಆಫೀಸರ ಕೈಯಲ್ಲೇ ಕೆಸರು ತುಳಿಸಿದಳು. ಮೈದುನ ಕುಳ್ಳಯ್ಯ ಬೇಲಿಯಾಚೆ ನಿಂತು, "ಅತ್ಗೆವ್ವಾ, ನಮ್ಮ ಎತ್ಗಿಂತ ವಾಸಿ ಕಣವ್ವ, ಮೇವೂ ಕೇಳಾಕಿಲ್ಲ!" ಎಂದು ನಕ್ಕ. ಅವಳು ನಗಲಿಲ್ಲ.

ಮೂರನೆಯ ಬೆಳಿಗ್ಗೆ ಗೋವಿಂದಯ್ಯ ಕಾಲು ತೊಳೆದು, ಹುಣಸೆಮರದತ್ತ ನೋಡಿ, "ಈಗ ಹೋಗೋಣವೇನಮ್ಮ?" ಎಂದರು.

ಮಲ್ಲಾಜಮ್ಮ ಕಣದ ನಡುವೆ ಹಿಮ್ಮಡಿ ಕುಟ್ಟಿದಳು. ಕಿವಿಗೊಟ್ಟಳು. ಮತ್ತೆ ಕುಟ್ಟಿದಳು.

"ಇಲ್ಲಿ ಇನ್ನೂ ಬೊದಬೊದ ಅಂತದೆ. ಗೋಡೆ ಎಲ್ಲೂ ಓಡೋಗಾಕಿಲ್ಲ, ತುಳೀರಿ."